ಕೆಂಪು ದಾರದ ಗುಂಡಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಭರಮಪ್ಪ ಮಳೆಗಾಲದಿಂದ ಹಲ್ಲು ಕಚ್ಚಿ ಹಿಡಿದಿದ್ದ ಮಾತು ಒಂದು ದಿನ ರೊಟ್ಟಿ ಮುರಿಯುತ್ತಿದ್ದಾಗ ತಾನಾಗಿ ಬಾಯಿಂದ ಬಿತ್ತು. ಬಿದ್ದದ್ದಾದರೂ ಯಾರ ಮುಂದೆ? ಹೆಂಡತಿ ಅಂಬಿಕಾಳ ಮುಂದೆ. ಅವಳೋ ಪದ ಕಟ್ಟುವವಳು!

ಅಂಬಿಕಾಳ ಅಜ್ಜಿ ಬಾಗಲಕೋಟೆ ಕಡೆ ಗೀಗೀ ಮೇಳ ಕಟ್ಟಿ ಹೆಸರು ಮಾಡಿದವಳು. ಮೊಮ್ಮಗಳು ಗೋವಾದ ಫೋಂಡಾಕ್ಕೆ ಬಂದು ಕಾಂಕ್ರೀಟಿನ ಬುಟ್ಟಿ ಹೊತ್ತರೂ ಅಜ್ಜಿಯ ದಪ್ಪು ಬಡಿಯುವುದನ್ನು ಬಿಟ್ಟಿರಲಿಲ್ಲ. ಅವಳು ಮುಂದೆ ನಿಂತು ಹಾಡಿದರೆ ಹಿಂದೆ ಗಂಡನ ತುಂತುಣಿ, ಹಮಾಲ ಜಿಲಾನಿಯ ತಾಳ. ಆ ವರ್ಷ ಊರಿನ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಇಟ್ಟುಕೊಂಡು ಇವರ ಮೇಳವನ್ನು ಕರೆದರು. ತಾಯಿ ಭುವನೇಶ್ವರಿಯ ಪದ ಹಾಡಿ ಶಾಲು ಹೊದ್ದು ಬಂದಿದ್ದರೆ ಮುಗಿದೇಹೋಗುತ್ತಿತ್ತು. ಅಂಬಿಕಾ ಪರಶುವಿನ ಪದ ಕಟ್ಟಲು ಕೂತಳು.

ಪರಶು ಇವರ ಪಕ್ಕದ ಶೆಡ್ಡಿನವನು. ಶ್ರಾವಣದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಗಟಾರದಲ್ಲಿ ಹೆಣವಾಗಿ ಸಿಕ್ಕ, ಮೈಯೆಲ್ಲ ಸೆರೆಯ ವಾಸನೆ. ಕೆಲಸಕ್ಕೆ ಚಕ್ಕರ್ ಹೊಡೆದು, ಕುಡಿದು ಬಿದ್ದು ಸತ್ತ ಎಂದರು ಗುತ್ತಿಗೆದಾರ ಅಪ್ಪಾಸಾಬರು. ಪೊಲೀಸರೂ ಹಾಗೇ ಬರೆದುಕೊಂಡರು. ಅವನ ಬಸುರಿ ಹೆಂಡತಿ ಬಾಳಮ್ಮ ಅಂದಿನಿಂದ ನಳದ ಹತ್ತಿರ ಹೋದರೂ ‘ಕುಡುಕನ ಹೆಂಡತಿ’ ಎನಿಸಿಕೊಂಡಳು. ಪರಶು ಹಬ್ಬಕ್ಕೂ ಹನಿ ಮುಟ್ಟಿದವನಲ್ಲ.

ಇದರ ನಿಜ ಭರಮಪ್ಪನಿಗೆ ಗೊತ್ತಿತ್ತು. ಗೊತ್ತಿರುವುದೇನು ಬಂತು, ಆಗ ಪಕ್ಕದಲ್ಲೇ ಇದ್ದ. ಮೂರನೇ ಮಾಳಿಗೆಯ ಸೆಂಟ್ರಿಂಗ್ ಹಲಗೆ ಮಳೆಗೆ ನೆನೆದು ಜಾರಿತು, ಪರಶು ಕೆಳಗೆ ಹೋದ. ಅಪ್ಪಾಸಾಬರು ಓಡಿಬಂದು, “ಕೇಸ್ ಆದ್ರ ಕೆಲಸಾ ಬಂದ್. ಎಲ್ಲಾರ ಹೊಟ್ಟಿಮ್ಯಾಲ ಬರತೈತಿ, ತಿಳೀತಿಲ್ಲೋ?” ಎಂದರು. ಸಿಮೆಂಟು ಮೆತ್ತಿದ ಅಂಗಿ ಬಿಚ್ಚಿ ಬೇರೆ ಅಂಗಿ ತೊಡಿಸಿದರು. ಮೇಲೆ ಸೆರೆಯ ಬಾಟಲಿ ಸುರಿದರು. ಟೆಂಪೋಕ್ಕೆ ಎತ್ತುವಾಗ ಕಾಲು ಹಿಡಿದವನು ಭರಮಪ್ಪ. ಆಮೇಲೆ ಅವನಿಗೆ ಕೂಲಿಯವರ ಮೇಲೆ ಮುಕಾದಮನ ಕೆಲಸ ಸಿಕ್ಕಿತು, ಗೋದಾಮಿನ ಹಿಂದೆ ಸಿಮೆಂಟಿನ ನೆಲದ ಖೋಲಿಯೂ ಸಿಕ್ಕಿತು. ಹೆಂಡತಿಗೆ, ಆ ದಿನ ಉಸುಕಿನ ಲಾರಿಯ ಜೊತೆ ಹೋಗಿದ್ದೆ ಎಂದು ಹೇಳಿದ್ದ.

“ಬಡವ ಸತ್ತ, ಹೆಂಡ್ತಿ ಅತ್ಲು ಅಂತ ಹಾಡಿದ್ರ ಯಾರ ಕಣ್ಣಾಗೂ ನೀರು ಬರಂಗಿಲ್ರಿ,” ಎಂದಳು ಅಂಬಿಕಾ ರೊಟ್ಟಿ ಬಡಿಯುತ್ತ. “ಬಡವ್ರು ದಿನಾ ಸಾಯ್ತಾರ. ಪರಶು ಕಣ್ಣಿಗೆ ಕಾಣಬೇಕು. ಅವನ್ದು ಏನರೆ ಒಂದು ಹೇಳ್ರಿ.”

“ಏನ್ ಹೇಳ್ಲಿ? ಯಾವಾಗ್ಲೂ ನಗತಿದ್ದ. ನಮ್ಮಾಕಿ ಅಂಗಿ ಗುಂಡಿಗೆ ಕೆಂಪು ದಾರ ಹಚ್ಯಾಳ ನೋಡೋ ಅಣ್ಣಾ, ನನ್ನೇನು ಮದುಮಗನ್ನ ಮಾಡ್ಯಾಳೇನು ಅಂತ...”

ರೊಟ್ಟಿಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅದು ಆ ದಿನದ ಮಾತು, ಆ ಹಲಗೆಯ ಮೇಲಿನ ಮಾತು! ಅಂಬಿಕಾಳ ಕೈಯೂ ಒಂದು ಗಳಿಗೆ ಹಿಟ್ಟಿನ ಮೇಲೆ ನಿಂತಿತು.

“ಚಲೋ ಐತಿ,” ಎಂದಳು. ಮತ್ತೆ ರೊಟ್ಟಿ ಬಡಿದಳು.

ಅಂದಿನಿಂದ ಭರಮಪ್ಪನ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. ಹೆಂಡತಿ ನೀರು ತುಂಬುತ್ತ ಗುನುಗಿದರೆ ಅದೇ ಕೆಂಪು ದಾರ, ಕಸ ಹೊಡೆಯುತ್ತ ಗುನುಗಿದರೆ ಅದೇ ಗುಂಡಿ. ಕಡೆಗೆ ತಡೆಯಲಾಗದೆ ಬಾಯಿಬಿಟ್ಟ.

“ಆ ಗುಂಡಿ ಸಾಲು ತಗದ್ಹಾಕು. ಬಾಳಮ್ಮಗ ದುಃಖ ಆಗತೈತಿ.”

“ಅಕಿಗೆ ದುಃಖ ಆಗೂದು ಕುಡುಕನ ಹೆಂಡ್ತಿ ಅಂದಾಗ.”

“ಅಪ್ಪಾಸಾಬ್ರು ಮುಂದಿನ ಕುರ್ಚಿ ಮ್ಯಾಲ ಕುಂದರ್ತಾರ. ಈ ಖೋಲಿ ಹೋದ್ರ ಎಲ್ಲಿ ಹೋಗೂದು?”

“ಮೊದಲ ತಗಡಿನ ಶೆಡ್ಡಿನಾಗ ಇದ್ದಿಲ್ಲೇನ್ರಿ? ಅಲ್ಲೆ ನಿಮಗ ನಿದ್ದಿ ಬರತಿತ್ತು.”

ಅವನಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗಲಾರ, ಉಗುಳಲಾರ. ಕಾರ್ಯಕ್ರಮದ ಹಿಂದಿನ ದಿನ ತುಂತುಣಿಯ ತಂತಿಯನ್ನು ತಾನೇ ಕತ್ತರಿಸಿ, ಇಲಿ ಕಡಿದಿದೆ ಎಂದ. ಜಿಲಾನಿ ಸಂಜೆಯೊಳಗೆ ಹೊಸ ತಂತಿ ತಂದು ಬಿಗಿದ. “ತಂತಿ ತಿನ್ನೂ ಇಲಿ ಇವತ್ತ ಕಂಡೆ ನೋಡು ಭರಮಣ್ಣಾ. ಪಾಪ, ಭಾಳ ಹಸದಿತ್ತೇನೋ!” ಎಂದು ನಕ್ಕ.

ರಾಜ್ಯೋತ್ಸವದ ಸಂಜೆ ಮೈದಾನ ತುಂಬಿತು. ವೆರ್ಣಾದ ಫ್ಯಾಕ್ಟರಿಗಳಿಂದಲೂ ನಮ್ಮ ಮಂದಿ ಬಂದಿದ್ದರು. ಅಪ್ಪಾಸಾಬರು ಪೇಟ ಸುತ್ತಿಸಿಕೊಂಡು ಮುಂದೆ ಕೂತರು. ಹೆಂಗಸರ ಸಾಲಿನಲ್ಲಿ ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡ ಬಾಳಮ್ಮ. ಅಂಬಿಕಾ ದಪ್ಪು ಬಡಿದು ದನಿ ಎತ್ತಿದಳು:

“ಮುಗಿಲ ಮುಟ್ಟೂ ಮಾಳಿಗಿ ಕಟ್ಟ್ಯಾನೋ
ಮನಿಯಿಲ್ಲದ ಮನಿಗಾರಾ
ಅಂಗಿ ಗುಂಡಿಗೆ ಮಡದಿ ಹೊಲದಾಳೋ
ಅಂದು ಮುಂಜಾನಿ ಕೆಂಪ ದಾರಾ

ಗಟಾರದಾಗ ಸಿಕ್ಕಾಗ ಮೈಮ್ಯಾಲ
ಇತ್ತೋ ಬ್ಯಾರೆ ಅಂಗಿ
ದಾರ ಕಂಡವರು ಯಾರಂತ ಕೇಳ್ಯಾಳೋ
ಕೂಸ ಹೊತ್ತ ನಿಮ್ಮ ತಂಗಿ”

ಗೀಗೀ ಪದದಲ್ಲಿ ಮುಂದಿನವರು ಹಾಡಿದ ಕಡೆಯ ಸಾಲನ್ನು ಹಿಂದಿನವರು ತಿರುಗಿ ಹಾಡಬೇಕು, ಸವಾಲು ಬಂದರೆ ಜವಾಬು ಕೊಡಬೇಕು. ಜಿಲಾನಿ ಒಬ್ಬನೇ ಹಾಡಿದ. ಭರಮಪ್ಪನ ಬೆರಳು ತಂತಿಯ ಮೇಲೆ ಸತ್ತು ಬಿದ್ದಿತ್ತು. ‘ಅಂದು ಮುಂಜಾನಿ’ ಎನ್ನುವ ಮಾತು ಇವಳಿಗೆ ಎಲ್ಲಿಂದ ಬಂತು? ಅವನು ಅದನ್ನು ಹೇಳಿರಲೇ ಇಲ್ಲ.

ಅಷ್ಟರಲ್ಲಿ ಬಾಳಮ್ಮ ಎದ್ದು ನಿಂತಳು.

“ಅದನ್ನ ನಾ ಅವತ್ತ ಮುಂಜಾನಿ ಹಚ್ಚಿದ್ದು! ಅಳೂಮುಂದ ನಮ್ಮ ಹೆಣ್ಮಕ್ಕಳ ಮುಂದ ಎಷ್ಟ್ ಸಲ ಹೇಳೇನಿ. ತೊಟ್ಟ ಹೋದ ಅಂಗಿ ತಿರುಗಿ ಬರಲಿಲ್ಲ. ಅದನ್ನ ಕಂಡವ್ರು ಯಾರ್ ಅದಾರ್ರಿ ಇಲ್ಲೆ?”

ಅಂಬಿಕಾ ಹಿಂತಿರುಗಿ ಗಂಡನನ್ನು ನೋಡಿದಳು. ಅಯ್ಯೋ ಶಿವನೇ, ಗೊತ್ತಿದೆ ಇವಳಿಗೆ! ರೊಟ್ಟಿ ಬಡಿಯುವ ಕೈ ನಿಂತಿತಲ್ಲ, ಉಸುಕಿನ ಲಾರಿಯ ಮಾತು ಸುಳ್ಳೆಂದು ಆಗಲೇ ಗೊತ್ತಾಗಿದೆ. ಗೊತ್ತಾಗಿಯೂ ಬೈಯಲಿಲ್ಲ, ಅಳಲಿಲ್ಲ, ಅವನ ಜವಾಬಿಗೊಂದು ಜಾಗ ಬಿಟ್ಟು ಪದ ಕಟ್ಟಿದ್ದಾಳೆ.

“ಏ ಭರಮ್ಯಾ, ಬಾರಸಲೇ,” ಎಂದರು ಅಪ್ಪಾಸಾಬರು ಕೂತಲ್ಲಿಂದಲೇ. ಮುಖದ ಮೇಲೆ ನಗು ಇತ್ತು. “ಹೊತ್ತಾತು. ಮುಂದಿನ ಪದ ಆಗ್ಲಿ.”

ಖೋಲಿ ಕಣ್ಣ ಮುಂದೆ ಬಂತು, ಅದರ ಸಿಮೆಂಟಿನ ನೆಲವೂ ಬಂತು. ಅದರ ಹಿಂದೆಯೇ, ಟೆಂಪೋಕ್ಕೆ ಎತ್ತುವಾಗ ಕೈಯಲ್ಲಿದ್ದ ಕಾಲು ಇನ್ನೂ ಬೆಚ್ಚಗಿದ್ದದ್ದು ನೆನಪಾಯಿತು.

“ಸವಾಲ್ ಹಾಕಿದಮ್ಯಾಲ ಜವಾಬ್ ಬರೂತನಕ ಮುಂದಿನ ಪದ ಇಲ್ರಿ, ಸಾವ್ಕಾರ್ರ,” ಎಂದ. ಬಾಳಮ್ಮನ ಕಡೆ ತಿರುಗಿದ. “ನಾ ಕಂಡೇನಿ ಬಾಳವ್ವ. ಹಲಗಿಮ್ಯಾಲ ನನ್ನ ಬಾಜೂಕ ನಿಂತು ಗುಂಡಿ ತೋರ್ಸಿ ನಕ್ಕ. ಹಲಗಿ ಜಾರಿ ಬಿದ್ದ. ಅಂಗಿ ಬಿಚ್ಚಿಸಿದವ್ರು ಈ ಸಾವ್ಕಾರ್ರು. ಗಟಾರಕ್ಕ ಒಯ್ಯೂಮುಂದ ಕಾಲು ಹಿಡದಾಂವ ನಾ. ಪೊಲೀಸರ ಮುಂದನೂ ಇದನ್ನ ಹೇಳ್ತೇನಿ.”

ಅಪ್ಪಾಸಾಬರ ನಗು ಹೋಯಿತು. ಕಾರ್ಯಕ್ರಮ ಇಟ್ಟವರಲ್ಲಿ ಒಬ್ಬರು ಓಡಿಬಂದು ಮೈಕು ತೆಗೆದರು. ತೆಗೆದರೇನು, ಮಾತು ಆಗಲೇ ಮೈದಾನದ ಕಡೆಯ ಸಾಲಿಗೂ ಮುಟ್ಟಿತ್ತು.

ಬಾಳಮ್ಮ ಕೂಸನ್ನು ಎತ್ತಿಕೊಂಡು ವೇದಿಕೆಯ ಬುಡಕ್ಕೆ ಬಂದಳು. ಮುಖಕ್ಕೆ ಉಗುಳುತ್ತಾಳೆ ಎಂದುಕೊಂಡ ಭರಮಪ್ಪ, ಉಗುಳಲಿ ಎಂದು ತಲೆ ತಗ್ಗಿಸಿ ನಿಂತ.

“ಕುಡದಿದ್ದಿಲ್ಲ, ಹೌದಲ್ಲೋ?” ಎಂದು ಕೇಳಿದಳು.

“ಹನಿ ಮುಟ್ಟಿದ್ದಿಲ್ಲವ್ವ.”

ಅವಳು ಜನರ ಕಡೆ ತಿರುಗಿದಳು. “ಕೇಳಿದ್ರಿಲ್ಲೋ ಎಲ್ಲಾರೂ?” ಎಂದಳು.