ಸಂಜೆ ಹೊತ್ತಿಗೆ ಕರೆಯಿರಿ

ಸೊಸೆಯನ್ನು ಹೊಗಳಿದರೆ ಅತ್ತೆಯ ಗತ್ತು ಇಳಿಯುತ್ತದೆ ಎಂದು ಯಾರು ಹೇಳಿದರೋ ಏನೋ, ಈ ಅತ್ತೆ ಮಾತ್ರ ಅದನ್ನು ಕಿವಿಗೆ ಹಾಕಿಕೊಂಡವಳಲ್ಲ. ವಿಮಾ ಕಂಪನಿಯಲ್ಲಿ ಕೂತು ಲಕ್ಷಾಂತರ ಜನರ ಆಸ್ಪತ್ರೆ ಲೆಕ್ಕ ನೋಡುವ ಸೊಸೆಯ ಬಗ್ಗೆ ಪಕ್ಕದ ಮನೆಯವರಿಗೆ ಹೇಳುವಾಗ ಅವಳಿಗೆ ಸುಸ್ತೇ ಆಗುತ್ತಿರಲಿಲ್ಲ. ಉಳಿದದ್ದಕ್ಕೆಲ್ಲ ಆಗುತ್ತಿತ್ತು.

ಅವಳ ಕಾಯಿಲೆಯೇ ಅಂಥದ್ದು. ಮಯಸ್ತೇನಿಯಾ ಅಂತ ಹೆಸರು. ನರ ಹೇಳಿದ್ದನ್ನು ಸ್ನಾಯು ಕೇಳುವುದಿಲ್ಲ. ಬೆಳಗ್ಗೆ ಲಕ್ಷಣವಾಗಿದ್ದ ಮುಖ ಸಂಜೆಗೆ ಜೋತುಬೀಳುತ್ತದೆ, ರೆಪ್ಪೆ ಇಳಿಯುತ್ತದೆ, ಬಾಯಲ್ಲಿಟ್ಟ ತುತ್ತು ಅಗಿಯಲಾಗದೆ ಹಾಗೇ ಉಳಿಯುತ್ತದೆ. ಈ ಹೆಸರು ಸಿಗುವ ಮೊದಲು ನಾಲ್ಕು ವರ್ಷ ಅವಳು ಡಾಕ್ಟರುಗಳ ಬಾಗಿಲು ಸವೆಸಿದ್ದಳು.

ಹೀಗೆ ಹೆಸರು ಸಿಗದೆ ಅಲೆಯುವವರನ್ನು ಕ್ಲೇಮುಗಳ ರಾಶಿಯಲ್ಲಿ ಪತ್ತೆಹಚ್ಚುವ ಸೂತ್ರವೊಂದನ್ನು ಕಂಪ್ಯೂಟರಿನಲ್ಲಿ ಕಟ್ಟು ಎಂದು ಕಂಪನಿಯ ಡಾಕ್ಟರಮ್ಮ ಸೊಸೆಗೆ ಹೇಳಿದ್ದರು. ಹೆಸರು, ವಿಳಾಸ ಸೊಸೆಗೆ ಕಾಣುವುದಿಲ್ಲ. ಸಿಕ್ಕವರನ್ನು ಡಾಕ್ಟರಮ್ಮನೇ ತಪಾಸಣೆಗೆ ಕರೆಯುತ್ತಾರೆ. ಸೂತ್ರದ ಕಣ್ಣು ತಪ್ಪಿಸಿಕೊಂಡವರು ಮಾತ್ರ ಅದೇ ಬಾಗಿಲುಗಳನ್ನು ಸವೆಸುತ್ತಿರಬೇಕು. ಸೂತ್ರವನ್ನು ಪರೀಕ್ಷಿಸಲೆಂದು ಅತ್ತೆ ಸಹಿ ಹಾಕಿ ತನ್ನ ಆ ನಾಲ್ಕು ವರ್ಷದ ಕ್ಲೇಮುಗಳನ್ನೇ ಕೊಟ್ಟಳು. ಸೊಸೆ ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬಂದಳು. ನರದ ಡಾಕ್ಟರು, ಸ್ನಾಯು ಪರೀಕ್ಷೆ ಎಂದು ಹುಡುಕಿದ ಸೂತ್ರ ಅತ್ತೆಯನ್ನೇ ದಾಟಿಕೊಂಡು ಹೋಗಿತ್ತು.

"ಮನೇಲಿರೋ ನಾನೇ ಸಿಗ್ಲಿಲ್ಲ ಅಂದ್ರೆ ಇನ್ಯಾರನ್ನ ಹುಡುಕ್ತೀಯಮ್ಮ?" ಎಂದು ಅತ್ತೆ ನಕ್ಕಳು.

ಸೊಸೆ ಕುರ್ಚಿ ಎಳೆದುಕೊಂಡು ಕೂತು, ಆಗ ಎಲ್ಲೆಲ್ಲಿಗೆ ಹೋಗಿದ್ದಿರಿ, ಏನಂದುಕೊಂಡು ಹೋಗಿದ್ದಿರಿ ಎಂದು ಮೊದಲಿನಿಂದ ಕೇಳಿದಳು. ಅಷ್ಟು ವರ್ಷದಲ್ಲಿ ಒಬ್ಬರಾದರೂ ಹೀಗೆ ಕೇಳಿದ್ದರೆ! ಎರಡೆರಡು ಕಾಣುತ್ತದೆಂದು ಒಂದೇ ವರ್ಷದಲ್ಲಿ ಮೂರು ಕನ್ನಡಕ ಬದಲಿಸಿ ಅಂಗಡಿಯವನ ಜನ್ಮ ಜಾಲಾಡಿದ್ದು, ಅಗಿಯಲಾಗದ್ದಕ್ಕೆ ಹಲ್ಲುಸೆಟ್ಟನ್ನು ಬೈದು ಹೊಸದು ಮಾಡಿಸಿದ್ದು, ನುಂಗಲಾಗದ್ದಕ್ಕೆ ಗಂಟಲಿನ ಡಾಕ್ಟರನ್ನು ಕಂಡದ್ದು, ಎಲ್ಲವನ್ನೂ ಅತ್ತೆ ಹೇಳಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ನೆಲವನ್ನೇ ರಿಪೇರಿ ಮಾಡಿಸಿದೆ ನೋಡು ಎಂದಳು. ನರದ ಡಾಕ್ಟರ ಹತ್ತಿರ ಹೋಗಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನೆಂಟರು ನಾಟಕ ಅಂದರು. ಕೊನೆಗೆ ಗಂಡನೂ ಒಂದು ದಿನ ಹಾಗೇ ಅಂದ. ಕಾಯಿಲೆಗೆ ಹೆಸರು ಸಿಗುವಷ್ಟರಲ್ಲಿ ಅವನು ತೀರಿಕೊಂಡಿದ್ದ. ಈ ಕೊನೆಯದನ್ನು ಅತ್ತೆ ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಸೊಸೆ ಸೂತ್ರವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಕನ್ನಡಕ, ಹಲ್ಲು, ಗಂಟಲು, ಮೂರೂ ಒಂದರ ಹಿಂದೆ ಒಂದು ಬಂದವರನ್ನು ಹಿಡಿ ಎಂದಳು. ಅತ್ತೆ ಸಿಕ್ಕಳು! ಜೊತೆಗೆ ಇನ್ನೂ ಕೆಲವರು. ತಪಾಸಣೆ ಕೋಣೆ ಬೆಳಗ್ಗೆ ಮಾತ್ರ ಖಾಲಿಯಂತೆ, ಎಲ್ಲರನ್ನೂ ಆಗಲೇ ಕರೆಯುತ್ತಾರಂತೆ ಎಂದು ಸೊಸೆ ಹೇಳಿದ್ದೇ ತಡ, ಅತ್ತೆಯ ನಗು ಮಾಯವಾಯಿತು.

"ಬೆಳಗ್ಗೆ ಕರೀಬೇಡಿ ಅನ್ನು. ಬೆಳಗ್ಗೆ ನಾವೆಲ್ಲ ಚೆನ್ನಾಗೇ ಇರ್ತೀವಿ. ನಾನೂ ಸ್ನಾನ ಮಾಡ್ಕೊಂಡು ನೀಟಾಗಿ ಬೆಳಗ್ಗೇನೇ ಹೋಗಿ ಕೂರ್ತಿದ್ದೆ. ನೋಡಿದವ್ರೆಲ್ಲ ಏನೂ ಇಲ್ಲ ಅಂದ್ರು."

ಸೊಸೆ ಅಲ್ಲೇ ಫೋನು ಎತ್ತಿಕೊಂಡಳು. ಕೋಣೆಗಾಗಿ ಯಾರ್ಯಾರ ಕೈಕಾಲು ಹಿಡಿದಳೋ, ಅಂತೂ ಸಂಜೆಯೇ ಎಂದಾಯಿತು. ಹಿಡಿದ ಕೆಲಸ ಬಿಡುವ ಪೈಕಿ ಅಲ್ಲ ಅವಳು.

ತಪಾಸಣೆಗಳು ಮುಗಿದ ದಿನ ಸೊಸೆ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು. ಹೆಚ್ಚಿನವರಿಗೆ ಏನೂ ಇರಲಿಲ್ಲ. ಅದರಲ್ಲೊಬ್ಬ ಮಹಾನುಭಾವ ಕನ್ನಡಕದ ಮೇಲೆ ಕೂತು ಕೂತೇ ಮುರಿದುಕೊಂಡವನಂತೆ. ಆದರೆ ಇದೇ ಕಾಯಿಲೆಯವರು ಒಬ್ಬರು ಸಿಕ್ಕಿದ್ದರು. ಯಾರೆಂದು ಸೊಸೆಗೂ ಗೊತ್ತಿಲ್ಲ. ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದುಕೊಂಡೇ ಒಳಗೆ ಬಂದರಂತೆ.

ಅತ್ತೆ ತಟ್ಟನೆ ಕೇಳಿದಳು. "ಜೊತೆಗೆ ಯಾರಾದ್ರೂ ಇದ್ರಂತಾ?"

"ಯಜಮಾನ್ರು ಇದ್ರಂತೆ ಅತ್ತೆ. ಜೊತೆಗೆ ಯಾರೇ ಬಂದ್ರೂ ಇದು ನಾಟಕ ಅಲ್ಲ ಅಂತ ಅವ್ರಿಗೇ ಮೊದ್ಲು ಹೇಳಿ ಅಂತ ನಾನು ಡಾಕ್ಟರಮ್ಮನಿಗೆ ಹೇಳಿಟ್ಟಿದ್ದೆ. ಹೇಳಿದ್ರಂತೆ."

ಇಂಥವಳು ತನ್ನ ಮನೆಗೆ ಬಂದಳಲ್ಲ ಎಂದು ಅತ್ತೆಗೆ ಅಳು ಬಂತು. ಕಣ್ಣೊರೆಸಿಕೊಳ್ಳಲು ಕೈ ಎತ್ತಲು ಹೋದಳು, ಸಂಜೆಯ ಕೈ, ಮೇಲೇಳಲಿಲ್ಲ. ಸೊಸೆಯೇ ಒರೆಸಿದಳು.