ಮಾರಾಟದ ಮೇಲಿನ ಪಟ್ಟಿ

ಲಕ್ಷ್ಮೇಶ್ವರದ ಪೇಟೆಯಲ್ಲಿ ದೇವೇಂದ್ರಪ್ಪನ ಕಾಳಿನ ಅಂಗಡಿಗೂ ನಿಜಲಿಂಗಪ್ಪನ ಸೀರೆ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆಗೆ ಕಿವಿ ಇದ್ದವೋ ಇಲ್ಲವೋ, ದೇವೇಂದ್ರಪ್ಪನಿಗಂತೂ ಇದ್ದವು. ಆಚೆ ಬೆಟಗೇರಿ ಸೀರೆಯ ಮಡಿಕೆ ಬಿಚ್ಚಿದ ಸಪ್ಪಳ ಕೇಳಿಯೇ ಅದು ಎಷ್ಟು ರೂಪಾಯಿಯದೆಂದು ಅವನು ಈಚೆ ಕೂತು ಹೇಳಬಲ್ಲವನಾಗಿದ್ದ.

ಸೀರೆಯ ಮಾತು ಹೋಗಲಿ. ಅವನಿಗೆ ತಡೆಯಲಾಗದ್ದು ಲಕೋಟೆ. ಮಿರಜ ಸಂಸ್ಥಾನ ಕರಗಿ ಊರು ಮುಂಬೈ ಸರಕಾರಕ್ಕೆ ಸೇರಿದ ಮೇಲೆ, ವರ್ಷಕ್ಕೊಮ್ಮೆ ನಿಜಲಿಂಗಪ್ಪನಿಗೆ ಆದಾಯ ತೆರಿಗೆಯ ಲಕೋಟೆ ಬರತೊಡಗಿತ್ತು. ಅಂಚೆಯ ರಹಮಾನಸಾಬ ಅದನ್ನು ಕೈಯಲ್ಲಿ ಎತ್ತಿ ಹಿಡಿದು, ಪೇಟೆಯ ಆ ತುದಿಯಿಂದಲೇ ಕೂಗುತ್ತ ಬರುತ್ತಿದ್ದ: "ಸಾವಕಾರ್ರ, ಸರಕಾರ ನಿಮ್ಮನ್ನ ನೆನಿಸೈತ್ರೀ!"

"ಏನ್ ನೆನಸ್ತಾರೋ ಮಾರಾಯಾ, ಹಿಂಡಾಕತ್ತಾರ ನನ್ನ" ಎಂದು ನಿಜಲಿಂಗಪ್ಪ ಹಣೆ ಹಿಡಿದುಕೊಳ್ಳುತ್ತಿದ್ದ.

ಆ ನರಳಿಕೆಯಲ್ಲಿ ಎಷ್ಟು ಸುಖವಿತ್ತೆಂಬುದು ಗೋಡೆಯ ಈಚೆಯವನಿಗೆ ಗೊತ್ತು. ದೇವೇಂದ್ರಪ್ಪನಿಗೆ ಲಕೋಟೆ ಬರುತ್ತಿರಲಿಲ್ಲ. ಬರಬಾರದೆಂದೇ ಅವನು ತನ್ನ ಗಳಿಕೆಯನ್ನು ಕಾಗದದ ಮೇಲೆ ಚಿಟಿಕೆಯಷ್ಟೇ ತೋರಿಸುತ್ತಿದ್ದ. ಬಂದರೆ ಹಣ ಹೋಗುತ್ತದೆ, ಬರದಿದ್ದರೆ ಮಾನ ಹೋಗುತ್ತದೆ. ಊಟಕ್ಕೆ ಕೂತರೂ ಅವನ ಬಾಯಲ್ಲಿ ಇದೇ ಮಾತು.

"ನಿಮಗ ಪಲ್ಯಾ ಯಾಕ ಬೇಕ್ರಿ?" ಎಂದು ಹೆಂಡತಿ ಸುಮಿತ್ರವ್ವ ರೊಟ್ಟಿ ಹಾಕುತ್ತ ಚುಚ್ಚುತ್ತಿದ್ದಳು. "ನಿಜಲಿಂಗಪ್ಪ ಅದಾನಲ್ಲ, ಅವನ್ನ ಹಚ್ಚಿಕೊಂಡ ತಿನ್ರಿ."

ಲಕೋಟೆಯ ಬಿಸಿ ಗುಡಿಯವರೆಗೂ ಮುಟ್ಟಿತ್ತು. ಶ್ರಾವಣದಲ್ಲಿ ತಿಂಗಳಿಡೀ, ಸಂಜೆ ದೀಪ ಹಚ್ಚುವ ಹೊತ್ತಿಗೆ ಸೋಮೇಶ್ವರನ ಗುಡಿಯಲ್ಲಿ ಪುರಾಣ ಓದಿಸುತ್ತಿದ್ದರು. ಅದರ ಖರ್ಚಿಗೆ ಪೇಟೆಯವರ ಮೇಲೆ ಅವರವರ ಗಳಿಕೆಗೆ ತಕ್ಕ ಪಟ್ಟಿ. ಸರಕಾರದ ತೆರಿಗೆಗೂ ಪಟ್ಟಿ ಎನ್ನುವರು, ದೇವರ ವಂತಿಗೆಗೂ ಪಟ್ಟಿ ಎನ್ನುವರು. ಆ ಊರಲ್ಲಿ ಎರಡಕ್ಕೂ ಒಂದೇ ಮಾತು. ಪುರಾಣ ಮುಗಿಯುವ ಮಂಗಲದ ದಿನ, ಎಲ್ಲರಿಗಿಂತ ಹೆಚ್ಚು ಪಟ್ಟಿ ಕೊಟ್ಟವನನ್ನು ಪುರಾಣಿಕರು ಹೆಸರು ಹಿಡಿದು ಕರೆಯುವರು. ಅವನು ಗ್ರಂಥದ ಮೇಲೆ ಕೈಯಿಟ್ಟು "ನನ್ನದಿತ್ತು, ಕೊಟ್ಟೆ" ಎನ್ನಬೇಕು. ಆಗ ಊರ ಎದುರು ಮೊದಲ ವೀಳ್ಯ ಅವನಿಗೆ. ಲಕೋಟೆ ಬರತೊಡಗಿದ ಮೇಲೆ ಗಳಿಕೆಯಲ್ಲಿ ದೊಡ್ಡವರು ಯಾರೆಂಬ ವಾದವೇ ಉಳಿದಿರಲಿಲ್ಲ. ಮೂರು ಶ್ರಾವಣ ಕಳೆದಿದ್ದವು. ಮೂರು ವೀಳ್ಯವೂ ನಿಜಲಿಂಗಪ್ಪನ ಬಾಯಿಯಲ್ಲೇ ಕೆಂಪಾಗಿದ್ದವು.

ನಾಲ್ಕನೆಯ ವರ್ಷದ ಆಷಾಢದಲ್ಲಿ ಪಟ್ಟಿ ಗೊತ್ತುಮಾಡಲು ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂಡಿದಾಗ ದೇವೇಂದ್ರಪ್ಪ ಎದ್ದು ನಿಂತ.

"ಗಳಿಕಿ ಅನ್ನೂದು ಹೊಟ್ಟಿಯೊಳಗಿಂದು, ಯಾರಿಗೆ ಕಾಣತೈತ್ರೀ? ಮಾರಾಟ ಅನ್ನೂದು ಬಾಗಲದಾಗಿಂದು, ಹಾದ್ಯಾಗ ಹೋಗೋ ನಾಯಿಗೂ ಕಾಣತೈತಿ. ಗಳಿಕಿ ಮ್ಯಾಲಿನ ಪಟ್ಟಿ ತಗದ ಬಿಡ್ರಿ. ಮಾರಾಟದ ಮ್ಯಾಲ ಹಾಕ್ರಿ, ರೂಪಾಯಿಗೆ ಒಂದ ಪೈ. ಸುಳ್ಳಿಲ್ಲ, ತಂಟೆಯಿಲ್ಲ."

ಪಂಚರ ಹಿರಿಯ ಪುಂಡಲೀಕಪ್ಪ ಗಲ್ಲ ಕೆರೆದುಕೊಂಡ. "ಮಾತ ಖರೆ ಐತಿ. ಇದನ್ನ ದಿಲ್ಲಿಯವರಿಗೆ ಬರಿಯೋ ದೇವೇಂದ್ರಾ. ಅವರೂ ಗಳಿಕಿ ಕೆದಕೂದ ಬಿಟ್ಟು ಮಾರಾಟದ ಮ್ಯಾಲ ಅಷ್ಟ ಹಾಕಲಿ. ದೇಶಕ್ಕೆಲ್ಲಾ ಒಂದ ಪಟ್ಟಿ."

"ಇವತ್ತಿಲ್ಲ ನಾಳಿ ಅವರೂ ಅಲ್ಲಿಗೇ ಬರ್ತಾರ್ರಿ. ಆವಾಗ ಯಾರ ಮನೀಗೂ ಲಕೋಟಿ ಬರೂದಿಲ್ಲ." ಕಡೆಯ ಮಾತು ಆಡುವಾಗ ದೇವೇಂದ್ರಪ್ಪನ ಕಣ್ಣು ನಿಜಲಿಂಗಪ್ಪನ ಮೇಲಿತ್ತು.

ಲೆಕ್ಕ ಅವನಿಗೆ ಬಾಯಿಪಾಠವಾಗಿತ್ತು. ಒಂದು ಸೀರೆ ಮಾರಿದರೆ ಉಳಿಯುವುದು ಜೋಳದ ಹತ್ತು ಚೀಲ ಮಾರಿದರೂ ಉಳಿಯುವುದಿಲ್ಲ. ಗಳಿಕೆಯಲ್ಲಿ ನಿಜಲಿಂಗಪ್ಪನನ್ನು ಮುಟ್ಟುವವರಿಲ್ಲ. ಆದರೆ ಅವನು ನಾಲ್ಕು ಸೀರೆ ಮಡಚುವಷ್ಟರಲ್ಲಿ ಇವನ ಬಾಗಿಲಿಂದ ಎರಡು ಬಂಡಿ ಚೀಲ ಹೊರಡುತ್ತಿದ್ದವು. ಮಾರಾಟವನ್ನೇ ಅಳೆದರೆ ಪೇಟೆಗೆ ಇವನೇ ಮೊದಲಿಗ.

ನಿಜಲಿಂಗಪ್ಪ ಸಿಟ್ಟಾಗಲಿ, ಒಂದು ಮಾತಾದರೂ ಬೀಳಲಿ ಎಂದು ದೇವೇಂದ್ರಪ್ಪ ಕಾದ. ನಿಜಲಿಂಗಪ್ಪ "ಆತ ಬಿಡ್ರಿ, ಹಂಗ ಆಗ್ಲಿ" ಎಂದಷ್ಟೇ ಅಂದು ಎಲೆಗೆ ಸುಣ್ಣ ಹಚ್ಚಿದ. ಗೆದ್ದ ದೇವೇಂದ್ರಪ್ಪ ಆ ಸುಣ್ಣದ ಬೆರಳನ್ನೇ ನೋಡುತ್ತ ಕೂತ.

ಮರುದಿನ ಎಲ್ಲ ಅಂಗಡಿಯವರೂ ಮಾಡಿದ್ದು ಒಂದೇ ಕೆಲಸ. ಪೈಯನ್ನು ಎತ್ತಿ ಗಿರಾಕಿಯ ತಲೆಯ ಮೇಲೆ ಇಟ್ಟರು.

ಹನಮವ್ವ ಭತ್ತ ಹುರಿದು ಚುರಮರಿ ಮಾಡುವ ಭಟ್ಟಿಯ ಹೆಂಗಸು. ಗಂಡ ಇರಲಿಲ್ಲ. ವಾರಕ್ಕೆರಡು ಚೀಲ ಭತ್ತ ದೇವೇಂದ್ರಪ್ಪನ ಅಂಗಡಿಯಿಂದಲೇ ಒಯ್ಯುತ್ತಿದ್ದಳು. ವರ್ಷವೂ ಪುರಾಣದ ಮಂಗಲಕ್ಕೆ ಪ್ರಸಾದವೆಂದು ಒಂದು ಬುಟ್ಟಿ ಚುರಮರಿ ಗುಡಿಗೆ ಒಪ್ಪಿಸುತ್ತಿದ್ದಳು.

"ಸಾವಕಾರ್ರ, ಇದೇನ್ರಿ ಚೀಲಕ್ಕ ಎರಡಾಣೆ ಜಾಸ್ತಿ?"

"ಪುರಾಣದ ಪಟ್ಟಿ ಬೇ, ಇಪ್ಪತ್ನಾಕ ರೂಪಾಯಿಗೆ ಇಪ್ಪತ್ನಾಕ ಪೈ. ಪುಣ್ಯದ ರೊಕ್ಕ."

"ಪುಣ್ಯ ಯಾರಿಗ್ರಿ? ನಿಮಗೋ, ನನಗೋ?"

"ದೇವರಿಗೆ ಲೆಕ್ಕ ಕೇಳ್ತಿಯೇನ ನೀನು?"

"ದೇವರಿಗ್ಯಾಕ ಕೇಳ್ಲಿ? ನಿಮಗ ಕೇಳಾಕತ್ತೇನಿ." ಸೆರಗಿನ ಗಂಟು ಬಿಚ್ಚಿ ಎರಡಾಣೆ ಎಣಿಸಿಟ್ಟಳು. "ಹಂಗಾರ ಈ ವರ್ಷ ನನ್ನ ಪ್ರಸಾದದ ಚುರಮರಿ ಇಲ್ರಿ. ಎರಡೆರಡ ಕಡೆ ಕೊಡಾಕ ನಾ ಏನ್ ಸಾವಕಾರ್ತೀನ?"

ಶ್ರಾವಣ ಬಂತು. ಪುರಾಣಿಕರು ಷಟ್ಪದಿಯ ಆರನೆಯ ಸಾಲನ್ನು ಎಳೆದು, ಕಂಬ ಕಂಬಕ್ಕೂ ಮುಟ್ಟಿಸಿ, ಮೆಲ್ಲಗೆ ಇಳಿಸಿ ಅರ್ಥಕ್ಕೆ ಬರುತ್ತಿದ್ದರು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ವರ್ಷದ ಓದಿನಲ್ಲಿ ದೇವೇಂದ್ರಪ್ಪ ಒಂದು ಪದ್ಯವನ್ನೂ ಕೇಳಲಿಲ್ಲ. ನಿಜಲಿಂಗಪ್ಪ ಎಲ್ಲಿ ತಲೆಯಾಡಿಸಿದ, ಪುರಾಣಿಕರು ಎಷ್ಟು ಸಲ ಅವನ ಕಡೆ ನೋಡಿ ಅರ್ಥ ಹೇಳಿದರು, ಇದೇ ಅವನ ಶ್ರವಣವಾಯಿತು. ಭಕ್ತಿಯಲ್ಲೂ ಅವನು ತನಗಿಂತ ಚೆಂದ ಕಾಣುತ್ತಾನಲ್ಲ ಎಂದು ಕುದಿದ.

ಮಂಗಲದ ದಿನ ಗುಡಿ ತುಂಬಿತ್ತು. ಪುಂಡಲೀಕಪ್ಪ ಪಟ್ಟಿ ಓದಿದ. ದೇವೇಂದ್ರಪ್ಪ ನೂರಾ ಹತ್ತು ರೂಪಾಯಿ. ನಿಜಲಿಂಗಪ್ಪ ಅರವತ್ತು. ಉಳಿದವರು ಅದಕ್ಕಿಂತ ಕೆಳಗೆ.

"ದೇವೇಂದ್ರಪ್ಪನವರು ಬರಬೇಕು" ಎಂದರು ಪುರಾಣಿಕರು.

ಹೆಸರು ಕಿವಿಗೆ ಬಿದ್ದಾಗ ಅವನ ಎದೆ ಮೂರು ವರ್ಷದ ಭಾರ ಇಳಿಸಿತು. ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು, ಹತ್ತಿರದ ದಾರಿ ಬಿಟ್ಟು ನಿಜಲಿಂಗಪ್ಪನ ಮುಂದಿನಿಂದಲೇ ಹಾದುಹೋದ. ಗ್ರಂಥದ ಮೇಲೆ ಕೈಯಿಟ್ಟ.

"ನನ್ನದಿತ್ತು..."

"ಅಯ್ಯ, ಅದರಾಗ ನಂದೂ ಐತ್ರಿ."

ಹೆಂಗಸರ ಸಾಲಿನಿಂದ ಹನಮವ್ವ. ಜಗಳದ ದನಿಯಲ್ಲ, ಮರೆತವರಿಗೆ ನೆನಪು ಮಾಡಿಕೊಡುವ ದನಿ. "ಚೀಲಕ್ಕ ಎರಡಾಣೆ ಕೊಟ್ಟೇನ್ರಿ."

"ಹಂಗಂದ್ರ ನಂದೂ ಐತಿ" ಎಂದ ಬಂಡಿ ಹೊಡೆಯುವ ಉಡಚಪ್ಪ. "ನಮ್ಮ ಮನಿಯಾಕಿದೂ" ಎಂದಿತು ಇನ್ನೊಂದು ದನಿ. ಗುಡಿಯ ತುಂಬ ಗುಜುಗುಜು.

ದೇವೇಂದ್ರಪ್ಪನ ಕೈ ಗ್ರಂಥದ ಮೇಲೆಯೇ ಇತ್ತು. ಉಳಿದದ್ದು "ಕೊಟ್ಟೆ" ಎಂಬ ಒಂದೇ ಮಾತು. ಅಂಗಡಿಯಲ್ಲಾದರೆ ಆಡಿಬಿಡುತ್ತಿದ್ದ. ಇದು ಗ್ರಂಥ. ಕೈ ತೆಗೆದುಕೊಂಡ.

ಪುರಾಣಿಕರು ಹನಮವ್ವನ ಕಡೆ ತಿರುಗಿದರು. "ಹಂಗಾದ್ರ ತಾಯಿ, ಕೊಟ್ಟವರು ನೀವು. ಬರ್ರಿ, ನನ್ನದಿತ್ತು, ಕೊಟ್ಟೆ ಅನ್ರಿ. ವೀಳ್ಯಾ ತಗೋರಿ."

ಹನಮವ್ವ ಎದ್ದಳು.

"ಅದ ಹೆಂಗ ಅನ್ನಲ್ರಿ? ನಂದಿತ್ತು, ಅದ ಖರೆ. ಆದ್ರ ನಾ ಕೊಟ್ಟಿಲ್ಲ, ಅವರು ತಗೊಂಡಾರ. ಹ್ವಾದ ವರ್ಷ ಬುಟ್ಟಿ ಚುರಮರಿ ತಂದಿದ್ನಲ್ಲ, ಅದನ್ನ ಕೊಟ್ಟಿದ್ದೆ." ಅಷ್ಟು ಹೇಳಿ ಕೂತಳು.

ಪುರಾಣಿಕರ ನೋಟ ಎರಡನೆಯ ಹೆಸರಿನವನ ಮೇಲೆ ಬಿತ್ತು. ನಿಜಲಿಂಗಪ್ಪ ಕೂತಲ್ಲಿಂದಲೇ ಕೈಮುಗಿದ. "ನನ್ನ ಕರೀಬ್ಯಾಡ್ರಿ ಗುರುಗಳ. ನಾನೂ ಸೀರಿ ಮ್ಯಾಲ ಹಾಕಿ ಗಿರಾಕಿ ಕಡಿಂದನ ಎತ್ತೇನಿ."

ಆ ವರ್ಷ ಮೊದಲ ವೀಳ್ಯ ಯಾರಿಗೂ ಹೋಗಲಿಲ್ಲ. ಪುರಾಣಿಕರು ಅದನ್ನು ಗ್ರಂಥದ ಮೇಲೆಯೇ ಇಟ್ಟು ಮಂಗಳಾರತಿ ಎತ್ತಿದರು.

ದೇವೇಂದ್ರಪ್ಪ ಮೊದಲು ನೋಡಿದ್ದು ನಿಜಲಿಂಗಪ್ಪನ ಕೈಯನ್ನು. ಬರಿದಾಗಿತ್ತು. ತನ್ನದೂ ಬರಿದು. ಕೊನೆಗೂ ಸರಿಸಮ ಆಯಿತಲ್ಲ ಎಂಬ ತಂಪು ಎದೆಯಲ್ಲಿ ಹರಡುವಷ್ಟರಲ್ಲಿ ನಿಜಲಿಂಗಪ್ಪ ಎದ್ದು ಹನಮವ್ವನ ಹತ್ತಿರ ಹೋದ.

"ಬೇ ಹನಮವ್ವಾ, ತಿಂಗಳ ಪುರಾಣದ ಅರ್ಥಾನ ಒಂದ ಮಾತಿನಾಗ ಹೇಳಿ ಕುಂತಿಯಲ್ಲ! ನಮ್ಮಿಬ್ಬರ ಮುಖಾ ಹೆಂಗ ಆಗಿತ್ತ ನೋಡಿದಿ?" ಎಂದು ನಕ್ಕ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಹನಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಉಡಚಪ್ಪ ನಕ್ಕ, ಪುಂಡಲೀಕಪ್ಪ ನಕ್ಕ, ಗುಡಿಯೇ ನಕ್ಕಿತು.

ದೇವೇಂದ್ರಪ್ಪ ಪ್ರಸಾದಕ್ಕೂ ನಿಲ್ಲದೆ ಹೊರಬಿದ್ದ. ಸುಮಿತ್ರವ್ವ ಹಿಂದಿನಿಂದ ದಾಪುಗಾಲಿಡುತ್ತ ಬಂದಳು.

"ಅವಗೂ ಸಿಗಲಿಲ್ಲಲ್ಲ. ಇನ್ನಾರ ಸಮಾಧಾನ ಆತಿಲ್ಲೋ?"

"ಅವ ಹೆಂಗ ನಕ್ಕ, ನೋಡಿದಿ?" ಎಂದ ದೇವೇಂದ್ರಪ್ಪ. "ಏನೂ ಸಿಗಲಾರದ ಹಂಗ ನಗಾಕ ಹೆಂಗ ಬರತೈತ ಅವಗ?"

"ಹಂಗಾರ ನಗಿ ಮ್ಯಾಲೂ ಒಂದ ಪಟ್ಟಿ ಹಾಕಸ್ರಿ."

ಗುಡಿಯ ಕಡೆಯಿಂದ ನಗು ಇನ್ನೂ ಬರುತ್ತಿತ್ತು. ಅದರಲ್ಲಿ ಎಷ್ಟು ದನಿಗಳು ಕೂಡಿವೆಯೆಂದು ದೇವೇಂದ್ರಪ್ಪ ಬೀದಿಯ ನಡುವೆ ನಿಂತು ಎಣಿಸತೊಡಗಿದ.