ಹದಿನೇಳನೇ ಮಂಚದ ಹೆಂಗಸು

ರಾಷ್ಟ್ರೀಯ ಮನೋವೈದ್ಯರ ಸಂಘದಲ್ಲಿ ಆ ವರ್ಷ ಹೊಸ ನಿಯಮವೊಂದು ಬಂತು. ಆಸ್ಪತ್ರೆಗಳ ತಪಾಸಣೆಗೆ ಹೋದವರು ಕಡತದ ಮೇಲೆ ಕಣ್ಣಾಡಿಸಿ, ಚಹಾ ಕುಡಿದು, ಸಹಿ ಹಾಕಿ ಬರುವ ಹಾಗಿಲ್ಲ. ಒಬ್ಬೊಬ್ಬ ರೋಗಿಯ ಎದುರೂ ಕಾಲು ಗಂಟೆ ಕೂತು ಮಾತು ಕೇಳಬೇಕು. ಈ ನಿಯಮಕ್ಕಾಗಿ ಮೂರು ವರ್ಷ ಎಲ್ಲರ ತಲೆ ತಿಂದಿದ್ದ ಡಾಕ್ಟರಮ್ಮನನ್ನೇ ಮೊದಲು ಕಳಿಸಿದರು.

ಆ ಆಸ್ಪತ್ರೆಯಲ್ಲಿ ಹುಳುಕು ಹುಡುಕಲು ಏನೂ ಇರಲಿಲ್ಲ. ನೆಲ ಕನ್ನಡಿಯಂತಿತ್ತು. ಹೆಂಗಸರ ವಾರ್ಡಿನಲ್ಲಿ ಮೂವತ್ತೊಂದು ಮಂಚ, ಮೂವತ್ತೊಂದು ಕಡತ, ಮೂವತ್ತೊಂದು ತಲೆ. ಹದಿನೇಳನೇ ಮಂಚದ ಹತ್ತಿರ ಹಿರಿಯ ದಾದಿ ದನಿ ತಗ್ಗಿಸಿ, ಇವಳು ತಾನು ಸತ್ತುಹೋಗಿದ್ದೇನೆ ಅಂತ ಹೇಳುತ್ತಾಳೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಕಡತದಲ್ಲೂ ಅದೇ ಇತ್ತು: ತಾನು ಸತ್ತಿರುವ ಭ್ರಮೆ. ಕೆಳಗೆ ತಿಂಗಳು ತಿಂಗಳೂ ಒಂದೇ ಪದ, ಸ್ಥಿರ. ಭ್ರಮೆ ಬಿಡಲಿಲ್ಲವೆಂದು ಮಾತ್ರೆ ಎರಡು ಸಲ ಏರಿತ್ತು.

ಐವತ್ತರ ಆಸುಪಾಸಿನ ಹೆಂಗಸು. ತಲೆ ನುಣ್ಣಗೆ ಬಾಚಿಕೊಂಡು, ಯಾರೋ ಕರೆದೊಯ್ಯಲು ಬರುತ್ತಾರೆ ಎಂಬಂತೆ ಮಂಚದ ಅಂಚಿಗೆ ಕೂತಿದ್ದಳು. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡರು.

"ಇವರು ಕರೆಯೋ ಹೆಸರು ನಂದಲ್ಲ," ಎಂದಳು ಅವಳು, ಬಹಳ ಸಲ ಹೇಳಿ ಸವೆದ ಮಾತಿನಂತೆ. "ಈ ಹದಿನೇಳನೇ ಮಂಚದವಳು ಜ್ವರ ಬಂದು ಹೋಗಿಬಿಟ್ಟಳು, ಹನ್ನೊಂದು ವರ್ಷ ಆಯ್ತು. ಗಾಳಿ ಬರ್ಲಿ ಅಂತ ಕಿಟಕಿ ಪಕ್ಕದ ನನ್ನ ಮಂಚ ಬಿಟ್ಟುಕೊಟ್ಟು ನಾನು ಇಲ್ಲಿ ಮಲಗಿದ್ದೆ. ಬೆಳಿಗ್ಗೆ ಅವಳ ಕಾಲಿಗೆ ನನ್ನ ಹೆಸರಿನ ಚೀಟಿ ಕಟ್ಟಿ ತಗೊಂಡು ಹೋದ್ರು."

"ನೀವು ಹೇಳಲಿಲ್ವಾ?"

"ಹೇಳಿದೆ. ಸೂಜಿ ಚುಚ್ಚಿದ್ರು."

ಡಾಕ್ಟರಮ್ಮ ಕಡತ ಕೈಗೆತ್ತಿಕೊಂಡರು. ಹಾಳೆಗಳನ್ನು ಹಿಂದು ಹಿಂದಕ್ಕೆ ಮಗುಚುತ್ತ ಹೋದರು. ದಾಖಲಾತಿಯ ಮೊದಲ ಹಾಳೆ ಹಳದಿಗಟ್ಟಿತ್ತು. ಗುರುತು ಎಂಬಲ್ಲಿ ಹೀಗಿತ್ತು: ಬಲಗೈ ಕಿರುಬೆರಳು ಇಲ್ಲ, ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ತುಂಡಾಗಿದೆ.

ಕೈ ತೋರಿಸಿ ಎಂದರು. ಅವಳು ಎರಡೂ ಕೈ ಮಡಿಲ ಮೇಲೆ ಬಿಡಿಸಿಟ್ಟಳು. ದಾದಿ ತುಟಿ ಅಲ್ಲಾಡಿಸುತ್ತ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಹತ್ತು. ಆರು ವರ್ಷ ಅದೇ ಕೈಗೆ ಮಾತ್ರೆ ಇಟ್ಟವಳು ಅವಳು.

ಮೂರನೇ ದಿನ, ಸುದ್ದಿ ತಿಳಿದು ಆ ಹೆಂಗಸಿನ ಸ್ವಂತ ಅಕ್ಕ ಬಂದಳು. ಸೋಂಕಿನ ಜ್ವರವೆಂದು ಸುತ್ತಿಕೊಟ್ಟ ದೇಹವನ್ನು ಅಂದು ಮುಖ ನೋಡದೆಯೇ ಒಯ್ದಿದ್ದಳಂತೆ. ಬಾಗಿಲು ದಾಟಿ ಒಳಗೆ ಕಾಲಿಡಲು ಅವಳಿಗೆ ಧೈರ್ಯ ಬರಲಿಲ್ಲ.

"ನಿನ್ನ ನಾನೇ ಮಣ್ಣು ಮಾಡಿ ಬಂದೆನಲ್ಲೇ," ಎಂದಳು.

"ಅದು ನಾನಲ್ಲ ಅಕ್ಕ," ಎಂದಳು ತಂಗಿ, ಅಷ್ಟೇ ಮೆಲ್ಲಗೆ.

ಇನ್ನು ಉಳಿದದ್ದು ನಿಜವಾದ ಹದಿನೇಳರವಳ, ದೂರದೂರಿನಲ್ಲಿದ್ದು ಈ ಹನ್ನೊಂದು ವರ್ಷ ಒಮ್ಮೆಯೂ ಬಂದಿರದ ತಮ್ಮನಿಗೆ ಸುದ್ದಿ ಮುಟ್ಟಿಸುವುದು. ಆ ಕೆಲಸವನ್ನೂ ಡಾಕ್ಟರಮ್ಮನೇ ಮಾಡಿದರು. ಎಲ್ಲ ಕೇಳಿಸಿಕೊಂಡ ತಮ್ಮ ಒಂದೇ ಪ್ರಶ್ನೆ ಕೇಳಿದ.

"ಹಾಗಾದ್ರೆ ಪ್ರತಿ ತಿಂಗಳು ಫೋನಲ್ಲಿ ನನ್ನ ಜೊತೆ ಮಾತಾಡ್ತಿದ್ದಿದ್ದು ಯಾರು?"

ಡಾಕ್ಟರಮ್ಮ ವಾರ್ಡಿಗೆ ಹೋಗಿ ಅವಳನ್ನೇ ಕೇಳಿದರು. ಅವಳು ತಪ್ಪು ಮಾಡಿದವಳಂತೆ ನೆಲ ನೋಡಿದಳು.

"ಅಕ್ಕಾ, ಚೆನ್ನಾಗಿದ್ದೀಯಾ ಅಂತಿದ್ದ. ಯಾರಾದ್ರೂ ಹೂಂ ಅನ್ಬೇಕಲ್ಲ."

ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸುವಂತಿರಲಿಲ್ಲ, ಅವಳನ್ನು ಇನ್ನೆರಡು ತಿಂಗಳು ಅಲ್ಲೇ ಇಟ್ಟುಕೊಂಡರು. ಅಕ್ಕ ವಾರ ವಾರ ಬರತೊಡಗಿದಳು, ನಾಲ್ಕನೇ ಸಲ ತಂಗಿಯ ಕೈ ಮುಟ್ಟಿದಳು. ಸಂಘದ ಸಭೆಯಲ್ಲಿ ಡಾಕ್ಟರಮ್ಮ ವರದಿ ಓದಿದರು. ಆರು ತಿಂಗಳಿಗೊಮ್ಮೆ ಕಡತದ ಗುರುತನ್ನು ಮನುಷ್ಯರ ಜೊತೆ ಹೋಲಿಸಿ ನೋಡಬೇಕೆಂಬ ಸಾಲು ನಿಯಮಕ್ಕೆ ಸೇರಿತು.

ಮುಂದಿನ ತಿಂಗಳು, ಪ್ರತಿ ಸಲ ತಮ್ಮನ ಫೋನು ಬರುತ್ತಿದ್ದ ತಾರೀಕಿಗೇ ವಾರ್ಡಿನ ಫೋನು ಬಡಿದುಕೊಂಡಿತು. ಎಲ್ಲ ತಿಳಿದಿದ್ದೂ ಅವನು, ಅಕ್ಕನಿಗೆ ಫೋನು ಕೊಡಿ ಎಂದ. ದಾದಿ ಏನೂ ತೋಚದೆ ಫೋನನ್ನು ಹದಿನೇಳನೇ ಮಂಚದ ಹೆಂಗಸಿನ ಕೈಗಿತ್ತಳು. ಅವಳು ಆಡಿದ್ದು ಎರಡೇ ಮಾತು: ಹೂಂ, ಚೆನ್ನಾಗಿದ್ದೀನಿ.

ಆ ಹೆಂಗಸಿನ ಬಾಯಿಂದ ಬಂದ ದನಿ ಅವಳದ್ದಾಗಿರಲಿಲ್ಲ, ಬೇರೆ ಯಾರದ್ದೋ ಎಂದು ದಾದಿ ಡಾಕ್ಟರಮ್ಮನಿಗೆ ಒಮ್ಮೆ ಹೇಳಿದಳು, ಮತ್ತೆಂದೂ ಹೇಳಲಿಲ್ಲ.